ಕೋವಿಯೂ ಮನಸ್ಸೂ

ಸಂತೇಬೆನ್ನೂರಿನ ಪುಷ್ಕರಣಿಯ ಮೆಟ್ಟಿಲಮೇಲೆ ಸಂಜೆ ಕುಳಿತಿರುವಾಗ ದೂರದ ತೋಟದಿಂದ ಢಂ ಎಂಬ ಸದ್ದು ಬಂದರೆ ನಾವು ಬೆಚ್ಚಿ ಬೀಳುತ್ತೇವೆ. ಹಂದಿಯನ್ನು ಬೆದರಿಸಲು ಯಾರೋ ಪಟಾಕಿ ಹಾರಿಸಿದರೆಂದು ತಿಳಿದಮೇಲೂ ಎದೆಯ ಬಡಿತ ಒಡನೆ ಇಳಿಯುವುದಿಲ್ಲ. ಈ ಪುಷ್ಕರಣಿಯನ್ನು ಹದಿನಾರನೆಯ ಶತಮಾನದಲ್ಲಿ ಕಟ್ಟಿಸಿದ ಪಾಳೆಯಗಾರರಿಗೆ ಆಯುಧವೇ ಬಾಳಾಗಿತ್ತು. ಅವರ ಊರಿನಲ್ಲಿರುವ ನಮಗಾದರೋ ಕೋವಿಯ ಪರಿಚಯವೆಲ್ಲ ವೃತ್ತಪತ್ರಿಕೆಯ ಕೊಲೆಯ ಸುದ್ದಿಯಿಂದ, ಇಲ್ಲವೆ ಚಲನಚಿತ್ರದಿಂದ ಬಂದದ್ದು. ಕುಡುಗೋಲೂ ಕೊಲ್ಲಬಲ್ಲದು, ಆದರೂ ಆಯುಧಪೂಜೆಯಂದು ಅದಕ್ಕೆ ಕುಂಕುಮವಿಡುವಾಗ ನಮ್ಮ ಕೈ ನಡುಗುವುದಿಲ್ಲ. ಅದು ದಿನನಿತ್ಯವೂ ಕೈಯಲ್ಲಾಡಿದ ವಸ್ತು.

ಇದೇ ನಾಡಿನ ಕೊಡಗಿನಲ್ಲಿ ಮಾತು ಬೇರೆ. ಅಲ್ಲಿ ಕೈಲ್ ಪೊಳ್ದ್ ಹಬ್ಬದಂದು ಕೋವಿಯನ್ನು ತೊಳೆದು, ಅದರ ನಳಿಗೆಗೆ ತೋಕ್ ಪೂ ಎಂಬ ಹೂವನ್ನು ಸಿಕ್ಕಿಸಿ ಪೂಜಿಸುವರು. ಗಂಡುಮಗು ಹುಟ್ಟಿದರೆ ಒಂದು ಗುಂಡು. ಮನೆಯಲ್ಲಿ ಸಾವಾದರೆ ಎರಡು. ನಮಗೆ ಕೇಡಿನ ಸೂಚನೆಯಾದ ಸದ್ದು ಅವರಿಗೆ ನೆರೆಹೊರೆಗೆ ಕಳುಹಿಸುವ ವಾರ್ತೆ.

ಆಳುವವರ ಮನಸ್ಸೂ ಇದಕ್ಕೆ ಹೊರತಲ್ಲ. 1857ರಲ್ಲಿ, ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆಗೆ ಮಣಿಯದ ಹಲಗಲಿಯ ಬೇಡರಮೇಲೆ ಬ್ರಿಟಿಷರು ದಂಡನ್ನು ಕಳುಹಿಸಿ, ಊರನ್ನು ಸುಟ್ಟು, ಹಲವರನ್ನು ಗಲ್ಲಿಗೇರಿಸಿದರು. ಅದೇ ಸರಕಾರವು 1861ರಲ್ಲಿ ಕೊಡವರಿಗೆ ಆ ಕಾನೂನಿನಿಂದ ವಿನಾಯಿತಿಯನ್ನಿತ್ತಿತು. ಕೋವಿಯಲ್ಲಿ ಭೇದವಿರಲಿಲ್ಲ, ಒಬ್ಬರಲ್ಲಿ ನಂಬಿಕೆ, ಇನ್ನೊಬ್ಬರಲ್ಲಿ ಶಂಕೆ.

ಹಾಗಾದರೆ ನಮ್ಮ ಭಯವು ಬರಿಯ ಅಜ್ಞಾನವೋ? ಅಲ್ಲ. ಗುಂಡು ಒಮ್ಮೆ ಹೊರಟರೆ ಹಿಂದಿರುಗದು. ಸಿಟ್ಟಿನ ಒಂದು ಕ್ಷಣಕ್ಕೆ ಕೋವಿಯು ಕೊಡುವ ಬಲವನ್ನು ಕುಡುಗೋಲು ಕೊಡಲಾರದು. ಇದನ್ನು ಭಯವು ಸರಿಯಾಗಿಯೇ ಕಂಡಿದೆ. ಬಳಕೆಯು ಕೈಗೆ ಹದವನ್ನು ಕಲಿಸುತ್ತದೆ, ನಿಜ. ಆದರೆ ಮದ್ದು ತುಂಬಿದ ಕೋವಿಯನ್ನು ಮೂಲೆಗೊರಗಿಸಿ ಮರೆಯುವವನೂ ಬಳಕೆಯುಳ್ಳವನೇ ಹೊರತು ಅಂಜುವವನಲ್ಲ. ಅಂಜಿಕೆಯೂ ಸಲುಗೆಯೂ ಎರಡೂ ಭಾವಗಳೇ. ಎರಡರಲ್ಲಿ ಯಾವುದನ್ನೂ ನಾವು ಅರಿವೆಂದು ಭ್ರಮಿಸಬಾರದು.

ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು 2021ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. ಕೇಂದ್ರ ಸರಕಾರವು ಕೊಟ್ಟಿರುವ ಅವಧಿಯು 2029ರವರೆಗೆ ಇದೆ. ಆಗ ಈ ಪ್ರಶ್ನೆ ಮತ್ತೆ ಏಳುವುದು. ಕೋವಿಯನ್ನು ಮುಟ್ಟಿಯೂ ನೋಡದ ನಾವೂ ಅಭಿಪ್ರಾಯ ಹೇಳುವೆವು. ಹೇಳುವ ಮುನ್ನ ಹೂವು ಮುಡಿದ ಆ ನಳಿಗೆಯನ್ನೊಮ್ಮೆ ನೆನೆಯೋಣ. ಹೂವು ಮುಡಿಸುವವರೂ ನಮ್ಮ ಎದೆಬಡಿತವನ್ನೊಮ್ಮೆ ನೆನೆದರೆ ಮಾತು ನ್ಯಾಯವಾಗಿ ನಡೆದೀತು.