ಕೂಸಿಗೆ ಕೈ ಬೇಕು
(ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಭೂಮಿ, ಕೂಲಿ, ಓದು ಅಂತ ಮಾತಾಡೋ ಸಭೆಯಲ್ಲಿ ಇವರೇನು ಹಾಲು ಕುಡಿಯೋ ಕೂಸಿನ ಬಗ್ಗೆ ಮಾತಾಡೋಕೆ ನಿಂತರು ಅಂತ ಕೆಲವರಿಗೆ ಅನ್ನಿಸಬಹುದು. ಅನ್ನಿಸಲಿ. ಕೂಸು ಸಭೆಗೆ ಬಂದರೂ ಅವ್ವನ ಮಡಿಲಲ್ಲಿ ಮಲಗಿರುತ್ತೆ. ಅದು ಅರ್ಜಿ ಬರೆಯೋದಿಲ್ಲ, ಘೋಷಣೆ ಕೂಗೋದಿಲ್ಲ. ಅದಕ್ಕೆ ಗೊತ್ತಿರೋದು ಒಂದೇ ಭಾಷೆ, ಅಳು. ಆ ಅಳು ಏನನ್ನು ಕೇಳುತ್ತೆ ಅನ್ನೋದೇ ಇವತ್ತಿನ ನಮ್ಮ ವಿಷಯ.

ಯಾಕೆ ಬೇಕು ಈ ವಿಷಯ? ಕೂಲಿಗೆ ಹೋಗೋ ತಾಯಂದಿರ ಬಗ್ಗೆ ಎರಡು ಮಾತು ನಾವೆಲ್ಲ ಕೇಳುತ್ತಾ ಬಂದಿದ್ದೇವೆ. ಒಂದು: "ಎಳೇ ಕೂಸು ಬಿಟ್ಟು ಹೋಗ್ತಾಳಲ್ಲ, ಇವಳಿಗೆ ಕರುಳಿಲ್ವ?" ಇನ್ನೊಂದು: "ಅವರ ಮಕ್ಕಳಿಗೇನು, ಹೆಂಗೋ ಬೆಳ್ಕೊತವೆ." ಮೊದಲನೇ ಮಾತು ತಾಯಿಯನ್ನು ಅಪರಾಧಿ ಮಾಡುತ್ತೆ. ಎರಡನೇದು ಕೂಸನ್ನು ಮನುಷ್ಯರ ಲೆಕ್ಕದಿಂದಲೇ ತೆಗೆದುಬಿಡುತ್ತೆ. ಈ ಎರಡೂ ಸುಳ್ಳು ಅಂತ ನಾವು ಬರೀ ಸಿಟ್ಟಿನಿಂದ ಹೇಳಿದರೆ ಸಾಲದು. ಪ್ರಪಂಚದಲ್ಲಿ ಈ ಬಗ್ಗೆ ಏನೇನು ಪರೀಕ್ಷೆ ಮಾಡಿ ನೋಡಿದ್ದಾರೆ, ಅದನ್ನು ಮುಂದಿಟ್ಟುಕೊಂಡೇ ಹೇಳಬೇಕು.

ಹಿಂದೆ ಓದಿದ ದೊಡ್ಡ ಮನುಷ್ಯರು ಏನಂದುಕೊಂಡಿದ್ದರು ನೋಡಿ. ಕೂಸು ಅವ್ವನನ್ನು ಹಚ್ಚಿಕೊಳ್ಳೋದು ಹಾಲಿಗೋಸ್ಕರ. ಹೊಟ್ಟೆ ತುಂಬಿಸೋರ ಮೇಲೆ ಪ್ರೀತಿ ಬರುತ್ತೆ, ಅಷ್ಟೆ. ಅಮೆರಿಕದ ಜಾನ್ ವಾಟ್ಸನ್ ಎಂಬ ಮನಶ್ಶಾಸ್ತ್ರಜ್ಞ 1928ರಲ್ಲಿ ಶಿಶುಪಾಲನೆಯ ಪುಸ್ತಕವನ್ನೇ ಬರೆದ. ಮಕ್ಕಳನ್ನು ತಬ್ಬಿ ಮುದ್ದಾಡಬೇಡಿ, ಬೆಳಿಗ್ಗೆ ಎದ್ದಾಗ ಕೈ ಕುಲುಕಿದರೆ ಸಾಕು ಅನ್ನೋ ರೀತಿಯ ಬುದ್ಧಿವಾದ ಅದರಲ್ಲಿತ್ತು. ಹೆತ್ತ ಕೂಸಿನ ಜೊತೆ ಕಚೇರಿ ಗುಮಾಸ್ತರ ಹಾಗೆ ನಡಕೊಳ್ಳಬೇಕಂತೆ!

ಈ ನಂಬಿಕೆ ಮುರಿದದ್ದು ಹೇಗೆ? ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಹ್ಯಾರಿ ಹಾರ್ಲೊ ಎಂಬಾತ ಕೋತಿಮರಿಗಳ ಮೇಲೆ ಮಾಡಿದ ಪರೀಕ್ಷೆಯನ್ನು 1958ರಲ್ಲಿ ವಿವರಿಸಿದ. ನಮ್ಮ ಉತ್ತರ ಭಾರತದಲ್ಲಿ ಕಾಣೋ ಜಾತಿಯ ಕೋತಿಗಳೇ ಅವು. ಹುಟ್ಟಿದ ಮರಿಗಳನ್ನು ತಾಯಿಯಿಂದ ಕಿತ್ತು, ಅವುಗಳ ಮುಂದೆ ಎರಡು ಬೊಂಬೆ ನಿಲ್ಲಿಸಿದ. ಒಂದು ಬರೀ ತಂತಿಯದು. ಇನ್ನೊಂದಕ್ಕೆ ಮೆತ್ತನೆ ಬಟ್ಟೆ ಹೊದಿಸಿತ್ತು. ಕೆಲವು ಮರಿಗಳಿಗೆ ಹಾಲಿನ ಸೀಸೆ ಇದ್ದದ್ದು ತಂತಿ ತಾಯಿಯ ಹತ್ತಿರ ಮಾತ್ರ. ಆ ಮರಿಗಳು ತಂತಿಯ ಹತ್ತಿರ ಹೋಗಿ ಹಾಲು ಕುಡಿದವು, ಕುಡಿದ ಕೂಡಲೆ ಓಡಿಬಂದು ಬಟ್ಟೆಯ ತಾಯಿಯನ್ನೇ ತಬ್ಬಿಕೊಂಡವು. ಗಂಟೆಗಟ್ಟಲೆ ತಬ್ಬಿಕೊಂಡೇ ಇದ್ದವು. ಭಯವಾದಾಗ ಓಡಿದ್ದೂ ಅಲ್ಲಿಗೇ. ಬಾಯಿಲ್ಲದ ಮರಿಗಳ ಮೇಲೆ ಮಾಡಿದ ಈ ಪರೀಕ್ಷೆ ಕ್ರೂರವಾದದ್ದು, ಅದನ್ನೂ ಹೇಳಬೇಕು. ಆದರೆ ಅದು ತೋರಿಸಿದ್ದು ಇದು: ಹಾಲು ಬೇರೆ, ಮಡಿಲು ಬೇರೆ.

ಇನ್ನು ಮನುಷ್ಯರ ಕೂಸುಗಳ ಕತೆ ಕೇಳಿ. ರೆನೆ ಸ್ಪಿಟ್ಜ್ ಎಂಬ ವೈದ್ಯ 1945ರಿಂದ ಬರೆದ ಲೇಖನಗಳಲ್ಲಿ ಎರಡು ಜಾಗಗಳನ್ನು ಹೋಲಿಸಿದ. ಒಂದು ಅನಾಥ ಶಿಶುಗಳ ಮನೆ. ಬಹಳ ಚೊಕ್ಕಟ. ವೈದ್ಯರು ಬರುತ್ತಿದ್ದರು, ಆಹಾರ ಸರಿಯಾಗಿತ್ತು. ಆದರೆ ಏಳೆಂಟು ಕೂಸುಗಳಿಗೆ ಒಬ್ಬಳೇ ದಾದಿ. ತೊಟ್ಟಿಲಿನ ಸುತ್ತ ಬಿಳಿ ಬಟ್ಟೆ ಇಳಿಬಿಟ್ಟಿತ್ತು. ಕೂಸಿಗೆ ಕಾಣುತ್ತಿದ್ದದ್ದು ಮೇಲಿನ ಸೂರು ಮಾತ್ರ. ಇನ್ನೊಂದು ಜಾಗ ಹೆಣ್ಣುಮಕ್ಕಳ ಸೆರೆಮನೆ. ಅಲ್ಲಿ ಕೈದಿ ತಾಯಂದಿರೇ ಬಂದು ತಮ್ಮ ತಮ್ಮ ಕೂಸುಗಳನ್ನು ಎತ್ತಿ ಆಡಿಸುತ್ತಿದ್ದರು. ಎರಡು ವರ್ಷ ನೋಡಿದಾಗ ಚೊಕ್ಕಟ ಮನೆಯ 91 ಕೂಸುಗಳಲ್ಲಿ 34 ಸತ್ತಿದ್ದವು. ಸೆರೆಮನೆಯ ಕೂಸುಗಳಲ್ಲಿ ಒಂದೂ ಸಾಯಲಿಲ್ಲ.

ಇದನ್ನು ಇನ್ನೊಂದು ಸಲ ಯೋಚಿಸಿ. ಸಮಾಜ ಯಾರನ್ನು ಕೆಟ್ಟ ಹೆಂಗಸರು ಅಂತ ಬಾಗಿಲು ಹಾಕಿ ಕೂಡಿಹಾಕಿತ್ತೋ ಅವರ ಮಡಿಲಲ್ಲಿ ಕೂಸುಗಳು ನಕ್ಕವು. ಬಿಳಿ ಬಟ್ಟೆಯ ಮಡಿಯ ಒಳಗೆ ಕೂಸುಗಳು ಒಣಗಿದವು. ಮುಟ್ಟದೆ ಇಟ್ಟದ್ದಕ್ಕೆ ಒಣಗಿದವು. ಮುಟ್ಟಿಸಿಕೊಳ್ಳದೆ ಇರೋದು ಅಂದರೆ ಏನು ಅಂತ ನಮಗೆ ಯಾರೂ ವಿವರಿಸಬೇಕಾಗಿಲ್ಲ.

ಸ್ಪಿಟ್ಜ್‌ನ ಲೆಕ್ಕದಲ್ಲಿ ಕುಂದುಗಳಿವೆ ಅಂತ ಆಮೇಲೆ ವಾದಗಳು ಎದ್ದವು. ಸರಿ, ವಾದ ಇರಲಿ. ಅದಕ್ಕಿಂತ ಗಟ್ಟಿಯಾದ ಪುರಾವೆ ರುಮೇನಿಯಾದಿಂದ ಬಂತು. ಅಲ್ಲಿ ಚೌಷೆಸ್ಕು ಸರ್ಕಾರ ಜನಸಂಖ್ಯೆ ಹೆಚ್ಚಿಸಬೇಕೆಂದು 1966ರಲ್ಲಿ ಗರ್ಭಪಾತವನ್ನು ನಿಷೇಧಿಸಿತು. ಸಾಕಲಾರದ ಬಡವರು ಮಕ್ಕಳನ್ನು ಸರ್ಕಾರಿ ಪಾಲನಾಗೃಹಗಳಿಗೆ ಒಪ್ಪಿಸಿದರು. 1989ರಲ್ಲಿ ಆ ಸರ್ಕಾರ ಬಿದ್ದಾಗ ಲಕ್ಷಕ್ಕೂ ಮೀರಿ ಮಕ್ಕಳು ಅಲ್ಲಿದ್ದವು. ಅತ್ತರೂ ಯಾರೂ ಬಾರದ ಕಾರಣ ಅಳುವುದನ್ನೇ ಬಿಟ್ಟ ಮಕ್ಕಳು. 2000ದಲ್ಲಿ ಬುಕಾರೆಸ್ಟ್ ನಗರದಲ್ಲಿ ಅಂಥ 136 ಎಳೆಯ ಮಕ್ಕಳನ್ನು ತೆಗೆದುಕೊಂಡು, ಚೀಟಿ ಎತ್ತಿದ ಹಾಗೆ ಅರ್ಧದಷ್ಟು ಮಕ್ಕಳನ್ನು ಸಾಕು ಮನೆಗಳಿಗೆ ಕಳಿಸಿದರು. ಉಳಿದವು ಅಲ್ಲೇ ಇದ್ದವು. ಫಲಿತಾಂಶ 2007ರಲ್ಲಿ ಅಚ್ಚಾಯಿತು. ಮನೆ ಸೇರಿದ ಮಕ್ಕಳ ಬುದ್ಧಿ ಚಿಗುರಿತ್ತು. ಎರಡು ವರ್ಷ ತುಂಬುವ ಮೊದಲೇ ಸೇರಿದವು ಹೆಚ್ಚು ಚಿಗುರಿದವು. ಅಂದರೆ ಮಡಿಲಿಗೂ ಒಂದು ಹದ ಇದೆ, ಬಿತ್ತನೆಗೆ ಇದ್ದ ಹಾಗೆ. ತಡವಾದರೆ ಏನೂ ಬೆಳೆಯೋದಿಲ್ಲ ಅಂತಲ್ಲ, ಬೆಳೆ ತೆಳುವಾಗುತ್ತೆ.

ಈಗ ಇನ್ನೊಬ್ಬನ ಹೆಸರು ಹೇಳಬೇಕು. ಜೇಮ್ಸ್ ರಾಬರ್ಟ್‌ಸನ್. ಸ್ಕಾಟ್ಲೆಂಡಿನ ದುಡಿಯೋ ಜನರ ಮಗ. ಎರಡನೇ ಮಹಾಯುದ್ಧದ ಕಾಲಕ್ಕೆ ಲಂಡನ್ನಿನಲ್ಲಿ ಆನಾ ಫ್ರಾಯ್ಡ್ ನಡೆಸುತ್ತಿದ್ದ ಮಕ್ಕಳ ಮನೆಯಲ್ಲಿ ಬಾಯ್ಲರ್ ನೋಡಿಕೊಳ್ಳೋ ಕೆಲಸಕ್ಕೆ ಸೇರಿದವನು. ಅಲ್ಲೇ ಮಕ್ಕಳನ್ನು ಕಣ್ಣಿಟ್ಟು ನೋಡೋದನ್ನು ಕಲಿತ. ಆ ಕಾಲದ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಮಕ್ಕಳನ್ನು ಸೇರಿಸಿದರೆ ತಂದೆತಾಯಿ ವಾರಕ್ಕೊಂದೆರಡು ಸಲ, ಅದೂ ಗಂಟೆಯ ಲೆಕ್ಕದಲ್ಲಿ ಬಂದು ನೋಡಬೇಕಿತ್ತು. ಯಾಕೆ ಹೀಗೆ ಅಂದರೆ, ಅವರು ಬಂದರೆ ಮಕ್ಕಳು ಅಳುತ್ತವೆ, ಬಾರದಿದ್ದರೆ ಎರಡು ದಿನದಲ್ಲಿ ಹೊಂದಿಕೊಳ್ಳುತ್ತವೆ ಅನ್ನುತ್ತಿದ್ದರು. ರಾಬರ್ಟ್‌ಸನ್ 1952ರಲ್ಲಿ ಎಂಟು ದಿನ ಆಸ್ಪತ್ರೆಯಲ್ಲಿದ್ದ ಎರಡು ವರ್ಷದ ಒಂದು ಹೆಣ್ಣುಮಗುವಿನ ಚಿತ್ರ ತೆಗೆದು ತೋರಿಸಿದ. ಅವನೂ, ಅವನ ಜೊತೆ ಕೆಲಸ ಮಾಡಿದ ವೈದ್ಯ ಜಾನ್ ಬೌಲ್ಬಿಯೂ ಹೇಳಿದ್ದು ಇದು: ಅಗಲಿದ ಕೂಸು ಮೊದಲು ಪ್ರತಿಭಟಿಸುತ್ತೆ, ಆಮೇಲೆ ಹತಾಶವಾಗುತ್ತೆ, ಕೊನೆಗೆ ನಂಟನ್ನೇ ಕಡಿದುಕೊಂಡ ಹಾಗೆ ಮುಖ ತಿರುಗಿಸುತ್ತೆ. ಆ ಕೊನೆಯ ಮೌನವನ್ನೇ ದಾದಿಯರು 'ಹೊಂದಿಕೊಂಡಿತು' ಅಂದುಕೊಂಡಿದ್ದರು. 1959ರಲ್ಲಿ ಪ್ಲ್ಯಾಟ್ ಸಮಿತಿ ಆಸ್ಪತ್ರೆಯ ಬಾಗಿಲನ್ನು ತಂದೆತಾಯಿಗೆ ತೆರೆದಿಡಿ ಅಂತ ವರದಿ ಕೊಟ್ಟಿತು.

ಸುಮ್ಮನಾದದ್ದು ಒಪ್ಪಿಕೊಂಡ ಹಾಗಲ್ಲ. ಈ ಮಾತು ಕೂಸಿಗೆ ಮಾತ್ರ ಅನ್ವಯಿಸೋದಲ್ಲ ಅಂತ ನಿಮಗೂ ಗೊತ್ತು.

ಹಾಗಾದರೆ ಈ ನಂಟು ಬೆಳೆಯೋದು ಹೇಗೆ? ಹುಟ್ಟಿದ ಕೆಲವೇ ದಿನಕ್ಕೆ ಕೂಸು ಅವ್ವನ ದನಿಯನ್ನು ಬೇರೆ ದನಿಯಿಂದ ಬೇರ್ಪಡಿಸಬಲ್ಲದು; ಒಳಗಿದ್ದಾಗಲೇ ಕೇಳಿದ್ದಲ್ಲವೆ. ಒಂದೂವರೆ, ಎರಡು ತಿಂಗಳಿಗೆ ಮುಖ ನೋಡಿ ನಗುತ್ತೆ. ಏಳೆಂಟು ತಿಂಗಳಿಗೆ ತನ್ನವರು ಯಾರು, ಹೊಸಬರು ಯಾರು ಅಂತ ಗಟ್ಟಿಯಾಗಿ ತಿಳಿಯುತ್ತೆ. ಹೊಸಬರು ಎತ್ತಿಕೊಂಡರೆ ಕಿರುಚುತ್ತೆ. ಅದು ಹಟವಲ್ಲ, ಬುದ್ಧಿ ಬಂದ ಗುರುತು. ಈ ನಂಟಿಗೆ ಬೇಕಾದ್ದು ಕೂಗು ಮತ್ತು ಓಗೊಡುವಿಕೆ. ಕೂಸು 'ಊಂ' ಅನ್ನುತ್ತೆ, ಅವ್ವ 'ಏನವ್ವ' ಅಂತಾಳೆ. ಎಡ್ವರ್ಡ್ ಟ್ರಾನಿಕ್ ಎಂಬಾತ 1970ರ ದಶಕದಲ್ಲಿ ತಾಯಂದಿರಿಗೆ ಕೆಲವೇ ನಿಮಿಷದಷ್ಟು ಹೊತ್ತು ಮುಖ ಅಲುಗಿಸದೆ ಕಲ್ಲಿನ ಹಾಗೆ ಕೂರೋಕೆ ಹೇಳಿದ. ಕೂಸು ನಕ್ಕಿತು, ಕೈ ಚಾಚಿತು, ಕೂಗಿತು, ಕೊನೆಗೆ ಮುಖ ತಿರುಗಿಸಿಕೊಂಡಿತು.

ಮೇರಿ ಐನ್ಸ್‌ವರ್ತ್ ಎಂಬಾಕೆ ಇದನ್ನು ಕಂಡುಕೊಂಡದ್ದು ಲಂಡನ್ನಿನ ಬಂಗಲೆಯಲ್ಲಲ್ಲ, ಆಫ್ರಿಕಾದ ಉಗಾಂಡದಲ್ಲಿ. 1954-55ರಲ್ಲಿ ಕಂಪಾಲದ ಸುತ್ತಿನ ಹಳ್ಳಿಗಳ 26 ಮನೆಗಳಿಗೆ ಹೋಗಿ ಕೂತು ನೋಡಿದಳು. ಅಂಬೆಗಾಲಿಡೋ ಕೂಸು ಅವ್ವನಿಂದ ಸ್ವಲ್ಪ ದೂರ ಹೋಗುತ್ತೆ, ತಿರುಗಿ ನೋಡುತ್ತೆ, ಮತ್ತೆ ಹೋಗುತ್ತೆ, ಬೆದರಿದರೆ ಓಡಿಬರುತ್ತೆ. ಗೂಟಕ್ಕೆ ಕಟ್ಟಿದ ಕರುವಿನ ಹಾಗೆ. ಆದರೆ ಒಂದು ವ್ಯತ್ಯಾಸ. ಕರುವಿನ ಹಗ್ಗ ಅದನ್ನು ಹಿಡಿದಿಡುತ್ತೆ. ಈ ಕಾಣದ ಹಗ್ಗ ಗಟ್ಟಿಯಾದಷ್ಟೂ ಕೂಸು ದೂರ ಹೋಗುತ್ತೆ. ಎತ್ತಿಕೊಂಡರೆ ಕೂಸು ಕೆಡುತ್ತೆ ಅನ್ನೋರಿಗೆ ಇದೇ ಉತ್ತರ. ಕೂಗಿದಾಗ ಕೈ ಸಿಕ್ಕ ಕೂಸೇ ನಾಳೆ ಧೈರ್ಯವಾಗಿ ಹೊಸಿಲು ದಾಟೋದು.

ಈಗ ಮುಖ್ಯವಾದ ಮಾತಿಗೆ ಬರೋಣ. ಆ ಕೈ ಹೆತ್ತ ತಾಯಿಯದೇ ಆಗಬೇಕೆ? ದಿನದ 24 ಗಂಟೆಯೂ ಅವಳೊಬ್ಬಳೇ ಇರಬೇಕೆ? ಬೌಲ್ಬಿ 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಬರೆದ ವರದಿಯನ್ನು ಹಿಡಿದುಕೊಂಡು ಹೆಂಗಸರು ಕೆಲಸಕ್ಕೆ ಹೋಗಲೇಬಾರದು ಅಂದವರಿದ್ದರು. ತಂದೆತಾಯಿಗೂ ಸಮಾಜದ ಆಸರೆ ಬೇಕು ಅಂತ ಅದೇ ವರದಿ ಹೇಳಿದ್ದು ಅವರ ಕಣ್ಣಿಗೆ ಬೀಳಲಿಲ್ಲ. 1964ರಲ್ಲಿ ಶಾಫರ್ ಮತ್ತು ಎಮರ್ಸನ್ ಎಂಬಿಬ್ಬರು ಗ್ಲಾಸ್ಗೋ ನಗರದ 60 ಕೂಸುಗಳನ್ನು ಕುರಿತು ಬರೆದರು. ಒಂದೂವರೆ ವರ್ಷಕ್ಕೆ ಬಂದಾಗ ಒಬ್ಬರನ್ನೇ ಹಚ್ಚಿಕೊಂಡಿದ್ದ ಕೂಸುಗಳು ನೂರಕ್ಕೆ 13 ಮಾತ್ರ. ಉಳಿದವು ಅಪ್ಪನನ್ನು, ಅಜ್ಜಿಯನ್ನು, ಅಕ್ಕ ಅಣ್ಣಂದಿರನ್ನು, ಪಕ್ಕದ ಮನೆಯವರನ್ನೂ ಹಚ್ಚಿಕೊಂಡಿದ್ದವು. ಕೂಸು ಹಚ್ಚಿಕೊಳ್ಳೋದು ಹಾಲು ಕೊಟ್ಟವರನ್ನೇ ಅಂತಿರಲಿಲ್ಲ. ಕೂಗಿಗೆ ಓಗೊಟ್ಟವರನ್ನು, ಜೊತೆಗೆ ಆಡಿದವರನ್ನು.

ಆದ್ದರಿಂದ ಕೂಲಿಗೆ ಹೋಗೋ ಅವ್ವನಿಗೆ ಕರುಳಿಲ್ಲ ಅನ್ನೋದು ಸುಳ್ಳು. ಸಂಜೆ ಬಂದು ಅವಳು ಎತ್ತಿಕೊಂಡಾಗ ಕೂಸು ಅವಳ ಕೊರಳಿಗೆ ಬೀಳುತ್ತಲ್ಲ, ಅದೇ ಸಾಕ್ಷಿ. ಹಾಗೆಯೇ ಕೂಸು ಹೆಂಗೋ ಬೆಳ್ಕೊಳುತ್ತೆ ಅನ್ನೋದೂ ಸುಳ್ಳು. ಯಾವ ಕೂಸೂ ತಾನೇ ತಾನಾಗಿ ಬೆಳೆಯೋದಿಲ್ಲ. ಯಾರೋ ಒಬ್ಬರು ತಮ್ಮ ಬದುಕಿನಿಂದ ತೆಗೆದು ಕೊಟ್ಟಿರುತ್ತಾರೆ. ಎಷ್ಟೋ ಮನೆಗಳಲ್ಲಿ ಆ ಒಬ್ಬರು ಯಾರು? ಎಂಟೊಂಬತ್ತು ವರ್ಷದ ಅಕ್ಕ. ಸೊಂಟದ ಮೇಲೆ ತಮ್ಮನನ್ನು ಹೊತ್ತು ಶಾಲೆ ಬಿಟ್ಟವಳು. ತಮ್ಮನ ನಂಟು ಗಟ್ಟಿಯಾಯಿತು, ಅಕ್ಕನ ಸ್ಲೇಟು ಒಡೆಯಿತು. ಪಟ್ಟಣದಲ್ಲಿ ಇನ್ನೊಂದು ರೀತಿ. ಸ್ವಂತ ಕೂಸನ್ನು ಜೋಲಿಯಲ್ಲಿ ಬಿಟ್ಟು ಉಳ್ಳವರ ಕೂಸನ್ನು ಎತ್ತಿ ಆಡಿಸೋಕೆ ಹೋಗೋ ಆಯಾ. ಅವಳ ಕೈಗೆ ಕೂಲಿ ಇದೆ. ಅವಳ ಕೂಸಿಗೆ ಕೈ ಇಲ್ಲ.

ಗಂಡಸರಿಗೊಂದು ಮಾತು. ಅಪ್ಪನನ್ನು ಹಚ್ಚಿಕೊಂಡ ಗ್ಲಾಸ್ಗೋದ ಕೂಸುಗಳಿಗೂ ನಮ್ಮ ಕೂಸುಗಳಿಗೂ ಕಣ್ಣು, ಕಿವಿ, ಎದೆ ಒಂದೇ. ಸಭೆಯಲ್ಲಿ ಸಮಾನತೆ ಅಂತ ಕೂಗಿ ಮನೆಗೆ ಹೋಗಿ, ಅಳೋ ಕೂಸನ್ನು "ಲೇ, ತಗಳೆ ಇದನ್ನ" ಅಂತ ಹೆಂಡತಿಯ ಕಡೆ ನೂಕಿದರೆ ಆ ಕೂಗಿಗೆ ಏನರ್ಥ? ಕೂಸನ್ನು ಎತ್ತಿಕೊಂಡರೆ ಮೀಸೆ ಉದುರೋದಿಲ್ಲ.

ಇನ್ನು ಸರ್ಕಾರ. ಬಾಬಾಸಾಹೇಬರು 1928ರಲ್ಲೇ ಬೊಂಬಾಯಿ ಶಾಸನಸಭೆಯಲ್ಲಿ ಕಾರ್ಖಾನೆ ಹೆಂಗಸರ ಹೆರಿಗೆ ಸೌಲಭ್ಯದ ಮಸೂದೆಯನ್ನು ಬೆಂಬಲಿಸಿ, ಹೆರಿಗೆಯ ಮುಂಚೆಯೂ ಆಮೇಲೂ ತಾಯಿಗೆ ಬಿಡುವು ಸಿಗೋದು ದೇಶದ ಹಿತ ಅಂತ ವಾದಿಸಿದರು. 1961ರಲ್ಲಿ ದೇಶಕ್ಕೆಲ್ಲ ಕಾಯಿದೆ ಬಂತು. 2017ರಲ್ಲಿ ಮೊದಲ ಎರಡು ಹೆರಿಗೆಗೆ ಸಂಬಳದ ರಜೆ 26 ವಾರ ಆಯಿತು. ಒಳ್ಳೇದು. ಆದರೆ ಗೌಡರ ಗದ್ದೆಯಲ್ಲಿ ನಾಟಿ ಹಾಕೋಳಿಗೆ, ನಾಲ್ಕು ಮನೆ ಪಾತ್ರೆ ತೊಳೆಯೋಳಿಗೆ ಆ 26 ವಾರ ಕೊಡೋರು ಯಾರು? 1975ರಲ್ಲಿ ಅಂಗನವಾಡಿ ಯೋಜನೆ ಶುರುವಾದಾಗ ನಮ್ಮ ಮೈಸೂರು ಜಿಲ್ಲೆಯ ಟಿ. ನರಸೀಪುರವೂ ಮೊದಲ ತಾಲ್ಲೂಕುಗಳಲ್ಲಿ ಒಂದು. ಅಲ್ಲಿ ಹೋಗಿ ಕೂರೋದು ಮೂರು ವರ್ಷ ತುಂಬಿದ ಮಕ್ಕಳು. ಮೂರು ತುಂಬದವಕ್ಕೆ ಆಹಾರದ ಪೊಟ್ಟಣ ಮನೆಗೆ ಬರುತ್ತೆ. ಹೊಟ್ಟೆಗೆ ಪೊಟ್ಟಣ ಬಂತು, ಕೈ ಬರಲಿಲ್ಲ. ಹಾರ್ಲೊನ ತಂತಿ ತಾಯಿಯನ್ನು ನೆನೆಸಿಕೊಳ್ಳಿ.

2023ರಲ್ಲಿ ರಾಜ್ಯ ಸರ್ಕಾರ 4000 ಗ್ರಾಮ ಪಂಚಾಯ್ತಿಗಳಲ್ಲಿ ದುಡಿಯೋ ತಾಯಂದಿರ ಎಳೆಮಕ್ಕಳಿಗೆ 'ಕೂಸಿನ ಮನೆ' ತೆರೆಯೋದಾಗಿ ಹೇಳಿತು. ಹೆಸರು ಚೆನ್ನಾಗಿದೆ. ಹೆಸರು ನೋಡಿ ಹಿಗ್ಗಬೇಡಿ, ನಿಮ್ಮ ಪಂಚಾಯ್ತಿಗೆ ಹೋಗಿ ಮೂರು ಪ್ರಶ್ನೆ ಕೇಳಿ. ಒಬ್ಬಳ ಕೈಗೆ ಎಷ್ಟು ಕೂಸು ಕೊಟ್ಟಿದ್ದೀರಿ? ನೋಡಿಕೊಳ್ಳೋ ಹೆಂಗಸು ತಿಂಗಳಿಗೊಬ್ಬಳು ಬದಲಾಗ್ತಾಳೋ, ಅವಳೇ ಇರ್ತಾಳೋ? ಕೇರಿಯ ಕೂಸನ್ನೂ ಊರಿನ ಕೂಸನ್ನೂ ಅದೇ ಮಡಿಲಲ್ಲಿ ಮಲಗಿಸ್ತಾಳೋ? ಈ ಮೂರಕ್ಕೂ ಸರಿಯಾದ ಉತ್ತರ ಸಿಗದಿದ್ದರೆ ಅದು ಕೂಸಿನ ಮನೆಯಲ್ಲ, ಬಿಳಿ ಬಟ್ಟೆ ಇಳಿಬಿಟ್ಟ ತೊಟ್ಟಿಲು.

ಎದೆಯ ಕಾವಿಗಿಂತ ದೊಡ್ಡ ಯಂತ್ರ ಇಲ್ಲ ಅಂತ ಈಗ ದೊಡ್ಡ ಆಸ್ಪತ್ರೆಗಳೂ ಕಲಿಯುತ್ತಿವೆ. 1970ರ ದಶಕದ ಕೊನೆಗೆ ಕೊಲಂಬಿಯಾದ ಬೊಗೊಟಾ ನಗರದಲ್ಲಿ ಯಂತ್ರ ಸಾಲದೆ ಬಂದಾಗ ತೂಕ ಕಡಿಮೆಯಿದ್ದ ಕೂಸುಗಳನ್ನು ತಾಯಿಯ ಬರೀ ಎದೆಗೆ ಕಟ್ಟಿ ಉಳಿಸಿದರು. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದ, 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೂಸು ಚೇತರಿಸಿಕೊಳ್ಳಲಿ ಅಂತ ಕಾಯದೆ ಹುಟ್ಟಿದ ಕೂಡಲೆ ಹೀಗೆ ಎದೆಗೆ ಹಾಕಿಕೊಂಡಾಗ ಸಾವು ನೂರಕ್ಕೆ 25ರಷ್ಟು ಇಳಿಯಿತು. ಈ ಎದೆ ಎಲ್ಲರಿಗೂ ಇದೆ. ಬಡವಿಗೆ ಇಲ್ಲದಿರೋದು ಎದೆಯಲ್ಲ, ಬಿಡುವು.

ಬಂಧುಗಳೆ, ನಾವು ಎಕರೆಯ ಲೆಕ್ಕ ಕೇಳಿದ್ದೇವೆ, ರೂಪಾಯಿಯ ಲೆಕ್ಕ ಕೇಳಿದ್ದೇವೆ. ಇನ್ನು ಗಂಟೆಯ ಲೆಕ್ಕವನ್ನೂ ಕೇಳೋಣ. ಕೂಸು ಕೂಗಿದಾಗ ಎತ್ತಿಕೊಳ್ಳೋಕೆ ಬೇಕಾದ ಹೊತ್ತು ಯಾರ ಜೇಬಿನಲ್ಲಿದೆ ಅಂತ ಕೇಳೋಣ. ಕೂಲಿ ಒಪ್ಪಂದ ಮಾಡುವಾಗ ಬಾಣಂತಿಗೆ ಬಿಡುವು ಎಷ್ಟು ಅಂತ ಬರೆಸೋಣ. ಮತ್ತೆ, ಈ ಸಭೆ ಮುಗಿದು ಮನೆಗೆ ಹೋದ ಮೇಲೆ, ಗಂಡಸರೇ ಆಗಲಿ ಹೆಂಗಸರೇ ಆಗಲಿ, ಕೂಸು ಕೈ ಚಾಚಿದರೆ ಮೊದಲು ಎತ್ತಿಕೊಳ್ಳೋಣ. ಮಿಕ್ಕ ಮಾತು ಆಮೇಲೆ.