ಎತ್ತರದ ಆಟಗಾರ್ತಿ ಫ್ಲೋ ಹೈಮನ್

ಕ್ರೀಡಾಪಟುಗಳ ಜೀವನವನ್ನು ಹೇಳಹೊರಟವರು ಸಾಮಾನ್ಯವಾಗಿ ಅವರ ಗೆಲುವುಗಳನ್ನು ಎಣಿಸುತ್ತಾರೆ. ಇಂದು ನಾನು ನಿಮ್ಮ ಮುಂದೆ ಹೇಳಲಿರುವ ಆಟಗಾರ್ತಿಯ ವಿಷಯದಲ್ಲಿ ಹಾಗೆ ಎಣಿಸತೊಡಗಿದರೆ ಲೆಕ್ಕ ಬೇಗನೆ ಮುಗಿದುಹೋಗುತ್ತದೆ. ಒಲಿಂಪಿಕ್ ಕ್ರೀಡೆಗಳಲ್ಲಿ ಆಕೆಗೆ ದೊರೆತದ್ದು ಒಂದೇ ಪದಕ, ಅದೂ ಬೆಳ್ಳಿಯದು. ಆದರೂ ಅಮೆರಿಕದ ಮಹಿಳಾ ವಾಲಿಬಾಲಿನ ಮಾತು ಬಂದಾಗ ಮೊದಲು ನೆನಪಾಗುವ ಹೆಸರುಗಳಲ್ಲಿ ಫ್ಲೋ ಹೈಮನ್ ಎಂಬುದು ಒಂದು.

ಆಕೆ ಹುಟ್ಟಿದ್ದು 1954ರ ಜುಲೈ 31ರಂದು; ಬೆಳೆದದ್ದು ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ, ಲಾಸ್ ಏಂಜಲೀಸ್ ನಗರಕ್ಕೆ ಹೊಂದಿಕೊಂಡ ಇಂಗಲ್‌ವುಡ್‌ನಲ್ಲಿ. ಹನ್ನೆರಡು ತುಂಬುವ ಹೊತ್ತಿಗೆ ಹುಡುಗಿ ಆರಡಿ ಬೆಳೆದಿದ್ದಳು. ಹದಿನೇಳನೆಯ ವಯಸ್ಸಿಗೆ ಆರಡಿ ಐದಂಗುಲವನ್ನು ಮುಟ್ಟಿದ್ದಳು. ತರಗತಿಯಲ್ಲಿ ಎಲ್ಲರಿಗಿಂತ ತಲೆಯೆತ್ತಿ ನಿಂತ ಹುಡುಗಿಗೆ ತನ್ನ ಎತ್ತರವೇ ಸಂಕೋಚಕ್ಕೆ ಕಾರಣವಾಗಿತ್ತು. ಆ ಎತ್ತರವನ್ನು ಮರೆಮಾಡಬೇಕಾಗಿಲ್ಲ, ಬಳಸಿಕೊಳ್ಳಬಹುದು ಎಂದು ಆಕೆಗೆ ತಿಳಿಯಹೇಳಿದವರು ಮನೆಯವರು ಮತ್ತು ಗೆಳತಿಯರು.

ವಾಲಿಬಾಲ್ ಆಟದಲ್ಲಿ ಎತ್ತರದ ಬೆಲೆ ಏನೆಂಬುದನ್ನು ವಿವರಿಸಬೇಕಾಗಿಲ್ಲ. ಮಹಿಳೆಯರ ಪಂದ್ಯದಲ್ಲಿ ನೆಟ್ಟಿನ ಎತ್ತರ 2.24 ಮೀಟರ್, ಅಂದರೆ ಏಳಡಿ ನಾಲ್ಕಂಗುಲಕ್ಕೂ ತುಸು ಹೆಚ್ಚು. ನೆಗೆದಾಗ ಯಾರ ಕೈ ಅದಕ್ಕಿಂತ ಬಹಳ ಮೇಲೇರುತ್ತದೆಯೋ ಅವರು ಎದುರಾಳಿಗಳ ತಡೆಗೋಡೆಯನ್ನು ಮೀರಿ ಚೆಂಡನ್ನು ಕೆಳಮುಖವಾಗಿ ಅಪ್ಪಳಿಸಬಲ್ಲರು. ಆದರೆ ಈ ಆಟದ ಇನ್ನರ್ಧ ನೆಲದ ಮೇಲೆ ನಡೆಯುತ್ತದೆ. ಎದುರಿನವರು ಅಪ್ಪಳಿಸಿದ ಚೆಂಡು ನೆಲ ಮುಟ್ಟುವ ಮುನ್ನ ಬಾಗಿ, ಉರುಳಿ, ಬಿದ್ದಾದರೂ ಅದನ್ನು ಎತ್ತಬೇಕು. ಎತ್ತರದವರಿಗೆ ನೆಲ ದೂರ. ಫ್ಲೋ ಹೈಮನ್‌ಳ ನಿಜವಾದ ದುಡಿಮೆ ಇಲ್ಲಿತ್ತು. 1975ರಲ್ಲಿ ರಾಷ್ಟ್ರೀಯ ತಂಡದ ತರಬೇತುದಾರನಾಗಿ ಬಂದ ಆರಿ ಸೆಲಿಂಗರ್‌ನ ಕಠಿಣ ಶಿಸ್ತಿನಲ್ಲಿ ಆಕೆ ನೆಲಕ್ಕೆ ಬೀಳುವುದನ್ನು ವರ್ಷಗಟ್ಟಲೆ ಅಭ್ಯಾಸಮಾಡಿದಳು.

ಆಕೆಯ ಕಾಲವೂ ಗಮನಿಸತಕ್ಕದ್ದು. ಸರಕಾರದ ನೆರವು ಪಡೆಯುವ ವಿದ್ಯಾಸಂಸ್ಥೆಗಳಲ್ಲಿ ಹೆಣ್ಣು ಗಂಡೆಂಬ ಭೇದ ಸಲ್ಲದೆಂಬ ಕಾನೂನು ಅಮೆರಿಕದಲ್ಲಿ ಬಂದದ್ದು 1972ರಲ್ಲಿ. ಹ್ಯೂಸ್ಟನ್ ವಿಶ್ವವಿದ್ಯಾಲಯದಲ್ಲಿ ಕ್ರೀಡೆಗಾಗಿ ವಿದ್ಯಾರ್ಥಿವೇತನ ಪಡೆದ ಮೊದಲ ಮಹಿಳೆ ಫ್ಲೋ ಹೈಮನ್. ಆದರೆ ಪದವಿ ಪೂರೈಸುವ ಮೊದಲೇ, ಓದನ್ನು ಮುಂದೆ ಮುಗಿಸಿದರಾಯಿತೆಂದು, ಆಕೆ ತನ್ನನ್ನು ಪೂರ್ತಿಯಾಗಿ ರಾಷ್ಟ್ರೀಯ ತಂಡಕ್ಕೆ ಕೊಟ್ಟುಕೊಂಡಳು.

ಆ ತಂಡದ ಅದೃಷ್ಟ ಮಾತ್ರ ಬಹುಕಾಲ ತೆರೆಯಲಿಲ್ಲ. 1976ರ ಮಾಂಟ್ರಿಯಲ್ ಒಲಿಂಪಿಕ್ಸಿಗೆ ಅದು ಅರ್ಹತೆಯನ್ನೇ ಪಡೆಯಲಿಲ್ಲ. 1980ರ ಮಾಸ್ಕೋ ಕ್ರೀಡೆಗಳಿಗೆ ಅರ್ಹತೆ ದೊರೆಯಿತು. ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆ ನುಗ್ಗಿದ ಕಾರಣ ಅಮೆರಿಕ ಆ ಕ್ರೀಡೆಗಳನ್ನು ಬಹಿಷ್ಕರಿಸಿತು. ರಾಜಕಾರಣಿಗಳು ತೆಗೆದುಕೊಂಡ ತೀರ್ಮಾನಕ್ಕೆ ಬೆಲೆ ತೆತ್ತವರು ದಿನಕ್ಕೆ ಹಲವು ಗಂಟೆ ಬೆವರು ಸುರಿಸಿದ್ದ ಹುಡುಗಿಯರು. ತಂಡ ಚದುರಲಿಲ್ಲ. 1981ರ ವಿಶ್ವಕಪ್ ಪಂದ್ಯಾವಳಿಯಲ್ಲಿ ಅತ್ಯುತ್ತಮ ಆರು ಮಂದಿ ಆಟಗಾರ್ತಿಯರಲ್ಲಿ ಹೈಮನ್ ಒಬ್ಬಳೆಂದು ಆಯ್ಕೆಯಾದಳು. ಮರುವರ್ಷ ಪೆರು ದೇಶದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅಮೆರಿಕಕ್ಕೆ ಕಂಚಿನ ಪದಕ ಬಂದಿತು.

ಕೊನೆಗೆ 1984ರ ಆಗಸ್ಟ್ 7. ಲಾಸ್ ಏಂಜಲೀಸ್ ಒಲಿಂಪಿಕ್ಸಿನ ಅಂತಿಮ ಪಂದ್ಯ, ಲಾಂಗ್ ಬೀಚ್ ಕ್ರೀಡಾಂಗಣದಲ್ಲಿ, ಆಕೆಯ ತವರಿನ ಸಮೀಪದಲ್ಲೇ. ಎದುರಿಗೆ ಲಾಂಗ್ ಪಿಂಗ್ ಇದ್ದ ಚೀನಾ ತಂಡ. ಗುಂಪಿನ ಪಂದ್ಯದಲ್ಲಿ ಅದೇ ಚೀನಾವನ್ನು ಅಮೆರಿಕ ಸೋಲಿಸಿತ್ತು. ಆಗಿನ ನಿಯಮದಂತೆ ಸರ್ವ್ ಮಾಡಿದ ತಂಡಕ್ಕೆ ಮಾತ್ರ ಅಂಕ ಸಿಗುತ್ತಿತ್ತು. ಒಂದೊಂದು ಅಂಕಕ್ಕೂ ದೀರ್ಘ ಹೋರಾಟ. ಮೊದಲ ಸೆಟ್ 16-14ರಲ್ಲಿ ಚೀನಾದ ಪಾಲಾಯಿತು. ಅನಂತರ 15-3, 15-9. ಹತ್ತು ವರ್ಷ ಕಾದ ಪಂದ್ಯ ಮೂರೇ ಸೆಟ್‌ಗಳಲ್ಲಿ ಮುಗಿಯಿತು. ಅಮೆರಿಕದ ಮಹಿಳಾ ವಾಲಿಬಾಲಿಗೆ ದೊರೆತ ಮೊದಲ ಒಲಿಂಪಿಕ್ ಪದಕ ಈ ಬೆಳ್ಳಿಯೇ.

ಆಗ ಆ ದೇಶದಲ್ಲಿ ಮಹಿಳೆಯರ ವೃತ್ತಿಪರ ವಾಲಿಬಾಲ್ ಲೀಗ್ ಇರಲಿಲ್ಲ. ಆಟವನ್ನೇ ಜೀವನೋಪಾಯ ಮಾಡಿಕೊಳ್ಳಬೇಕಾದರೆ ಹೊರದೇಶಕ್ಕೆ ಹೋಗಬೇಕು. ಹೈಮನ್ ಜಪಾನಿಗೆ ಹೋಗಿ ಡಾಯೇ ಎಂಬ ವ್ಯಾಪಾರ ಸಂಸ್ಥೆಯ ತಂಡವನ್ನು ಸೇರಿದಳು. 1986ರ ಜನವರಿ 24ರಂದು ಮಾತ್ಸುಯೆ ನಗರದಲ್ಲಿ ಹಿತಾಚಿ ತಂಡದ ಎದುರು ಪಂದ್ಯ. ಬದಲಿ ಆಟಗಾರ್ತಿಗೆ ಸ್ಥಳಬಿಟ್ಟು ಆಕೆ ಹೊರಬಂದು ಬೆಂಚಿನ ಮೇಲೆ ಕುಳಿತಳು, ಕುಳಿತಲ್ಲೇ ಕುಸಿದಳು. ಅದೇ ಸಂಜೆ ತೀರಿಕೊಂಡಳು. ವಯಸ್ಸು ಮೂವತ್ತೊಂದು.

ಮೊದಲು ಹೃದಯಾಘಾತವೆಂದು ಎಲ್ಲರೂ ತಿಳಿದರು. ಮನೆಯವರು ತಮ್ಮೂರಿನಲ್ಲಿ ಶವಪರೀಕ್ಷೆ ಮಾಡಿಸಿದಾಗ ಕಂಡದ್ದೇ ಬೇರೆ. ಹೃದಯದಿಂದ ಹೊರಟು ಇಡೀ ದೇಹಕ್ಕೆ ರಕ್ತವನ್ನು ಹಂಚುವ ಮಹಾಧಮನಿ ಒಡೆದಿತ್ತು. ಕಾರಣ, 1896ರಲ್ಲಿ ಫ್ರಾನ್ಸಿನ ಮಕ್ಕಳ ವೈದ್ಯ ಆಂತ್ವಾನ್ ಮಾರ್ಫಾನ್ ಮೊದಲು ವರ್ಣಿಸಿದ, ಆತನ ಹೆಸರನ್ನೇ ಹೊತ್ತ ಹುಟ್ಟುದೋಷ. ದೇಹದ ಅಂಗಗಳನ್ನು ಬಿಗಿದು ಹಿಡಿದಿರುವ ಅಂಗಾಂಶವೇ ಇದರಲ್ಲಿ ದುರ್ಬಲವಾಗಿರುತ್ತದೆ. ಮಹಾಧಮನಿ ಒಳಗೊಳಗೇ ಹಿಗ್ಗುತ್ತದೆ. ಹೊರಗೆ ಕಾಣುವ ಗುರುತುಗಳೆಂದರೆ ಅಸಾಧಾರಣ ಎತ್ತರ, ನೀಳವಾದ ತೋಳುಗಳು, ಉದ್ದನೆಯ ಬೆರಳುಗಳು.

ಕೇಳುಗರು ಇಲ್ಲಿ ಕ್ಷಣಕಾಲ ಯೋಚಿಸಬೇಕು. ಸಾವಿರಾರು ಪ್ರೇಕ್ಷಕರು ಯಾವುದನ್ನು ನೋಡಿ ಚಪ್ಪಾಳೆ ತಟ್ಟಿದರೋ, ಅದೇ ರೋಗದ ಲಕ್ಷಣವೂ ಆಗಿತ್ತು. ಎಲ್ಲರ ಕಣ್ಣೆದುರಿಗೇ ಇತ್ತು. ಬದುಕಿರುವವರೆಗೆ ಯಾರೂ ಗುರುತಿಸಲಿಲ್ಲ. ನಾವು ದೇಹದ ಸಾಮರ್ಥ್ಯವನ್ನು ಕೊಂಡಾಡುವ ಸಂಭ್ರಮದಲ್ಲಿ ಆ ದೇಹವನ್ನು ಸರಿಯಾಗಿ ನೋಡುವುದನ್ನೇ ಬಿಡುತ್ತೇವೆಯೇ ಎಂಬ ಪ್ರಶ್ನೆ ನನ್ನನ್ನು ಕಾಡಿದೆ.

ಇದಕ್ಕೊಂದು ಮರುಪ್ರಶ್ನೆಯೂ ಉಂಟು. ಹದಿನೇಳರ ಹುಡುಗಿಗೆ ವೈದ್ಯರು ನಿಜವನ್ನು ಹೇಳಿದ್ದರೆ ಮೊದಲು ನಿಲ್ಲಿಸುತ್ತಿದ್ದುದೇ ಆಟವನ್ನು. ಆಗ ಆಕೆ ಹೆಚ್ಚು ಕಾಲ ಬದುಕುತ್ತಿದ್ದಳೋ ಏನೋ; ಆದರೆ ನಾವು ಬಲ್ಲ ಫ್ಲೋ ಹೈಮನ್ ಇರುತ್ತಿರಲಿಲ್ಲ. ಆದ್ದರಿಂದ ತಿಳಿಯದೆ ಇದ್ದುದೇ ಮೇಲಾಯಿತು ಎನ್ನುವವರೂ ಇರಬಹುದು. ಈ ಮಾತನ್ನು ನಾನು ಒಪ್ಪಲಾರೆ. ಆಟವೋ ಆಯುಷ್ಯವೋ ಎಂಬುದು ಆಕೆ ತಾನೇ ಅಳೆದು ನೋಡಬೇಕಾಗಿದ್ದ ಸಂಗತಿ. ಆಡುತ್ತೇನೆಂದೇ ಆಕೆ ಹೇಳಿದ್ದರೂ ಆ ಮಾತು ಆಕೆಯದಾಗಿರುತ್ತಿತ್ತು. ಆ ಅವಕಾಶ ಬರಲೇ ಇಲ್ಲ.

ಆಕೆಯ ಮರಣದ ಅನಂತರ ಒಡಹುಟ್ಟಿದವನೊಬ್ಬನನ್ನು ಪರೀಕ್ಷಿಸಿದಾಗ ಅವನಲ್ಲಿಯೂ ಅದೇ ದೋಷ ಕಂಡುಬಂದಿತು. ಸಕಾಲದಲ್ಲಿ ಚಿಕಿತ್ಸೆ ನಡೆಯಿತು. ಎತ್ತರದ ಆಟಗಾರರ ಹೃದಯವನ್ನು ವೈದ್ಯರು ಹೆಚ್ಚು ಎಚ್ಚರದಿಂದ ನೋಡತೊಡಗಿದರು. ಧ್ವನಿತರಂಗಗಳ ನೆರವಿನಿಂದ ಮಹಾಧಮನಿಯ ಅಗಲವನ್ನು ಅಳೆಯುವುದು ಈಗ ನೋವಿಲ್ಲದ ಸಾಮಾನ್ಯ ಪರೀಕ್ಷೆ. ಹಿಗ್ಗಿದ ಭಾಗವನ್ನು ಒಡೆಯುವ ಮೊದಲೇ ಶಸ್ತ್ರಚಿಕಿತ್ಸೆಯಿಂದ ಬದಲಿಸಬಹುದು. 1987ರಿಂದ ಅಮೆರಿಕದಲ್ಲಿ ಹುಡುಗಿಯರ ಮತ್ತು ಮಹಿಳೆಯರ ಕ್ರೀಡಾದಿನವೊಂದು ನಡೆದುಬಂದಿದೆ. ಅದು ಮೊದಲಾದದ್ದು ಫ್ಲೋ ಹೈಮನ್‌ಳ ನೆನಪಿನಲ್ಲಿ. ಆ ದಿನ ಅಂಕಣಕ್ಕಿಳಿಯುವ ಹುಡುಗಿಯರಲ್ಲಿ ತನ್ನ ಎತ್ತರಕ್ಕೆ ನಾಚಿ ಬೆನ್ನು ಬಗ್ಗಿಸಿ ನಡೆಯುವವಳೂ ಒಬ್ಬಳು ಇದ್ದೇ ಇರುತ್ತಾಳೆ. ನೆಟ್ಟಗೆ ನಿಲ್ಲು ಎಂದು ಅವಳಿಗೆ ಹೇಳುವವರು, ಒಮ್ಮೆ ಅವಳ ಹೃದಯದ ಪರೀಕ್ಷೆಯನ್ನೂ ಮಾಡಿಸಬೇಕು.