ಮುಖ ಬರೆದುಕೊಟ್ಟವರು



ಇಂದಿನ ಶಿವಾನುಭವದಲ್ಲಿ ದಾಸೋಹವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಭಕ್ತರ ಅಪೇಕ್ಷೆ. ದಾಸೋಹವೆಂದರೆ ಅನ್ನ ನೀಡುವುದೆಂದೇ ನಮ್ಮಲ್ಲಿ ರೂಢಿ. ಅನ್ನ ದೊಡ್ಡದು, ಸಂದೇಹವಿಲ್ಲ. ಆದರೆ ಇಂದು ನಾವು ಪೆನ್ಸಿಲಿನಿಂದ ದಾಸೋಹ ಮಾಡಿದವರ ಸಂಗತಿಯನ್ನು ಹೇಳಬೇಕೆಂದಿದ್ದೇವೆ. ಅದಕ್ಕೆ ಮೊದಲು ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

ನಮ್ಮ ಭಕ್ತರ ಮನೆತನದ ಹುಡುಗನೊಬ್ಬ ಸೈನ್ಯದಲ್ಲಿದ್ದ. ಗಡಿಯಲ್ಲಿ ತೀರಿಕೊಂಡ. ವರುಷ ತುಂಬಿದ ದಿನ ಆತನ ತಾಯಿ ಮಠಕ್ಕೆ ಬಂದು ನಮ್ಮೆದುರು ಕುಳಿತು ಅತ್ತಳು. ನಾವು, "ತಾಯಿ, ಶರಣರಿಗೆ ಸಾವು ದುಃಖವಲ್ಲ, ಹಬ್ಬ. ನಿನ್ನ ಮಗ ವೀರ. ಅಳಬಾರದು" ಎಂದೆವು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, "ಹೌದ್ರೀ ಅಪ್ಪಾರ" ಎಂದು ಎದ್ದು ಹೋದಳು. ಏಳೆಂಟು ತಿಂಗಳು ಮತ್ತೆ ಮಠದ ಕಡೆ ಬರಲಿಲ್ಲ. ನಾವು ಹೇಳಿದ್ದು ಸುಳ್ಳಲ್ಲ. ಆದರೆ ಶರಣರು ತಮ್ಮ ಸಾವಿಗೆ ತಾವು ಸಿದ್ಧರಾಗಲು ಕಂಡುಕೊಂಡ ಸತ್ಯವನ್ನು ನಾವು ಇನ್ನೊಬ್ಬರ ಮಗನ ಸಾವಿನ ಮೇಲೆ ಹೊದಿಸಿದೆವು. ನಮ್ಮ ಮಾತಿನಿಂದ ಅವಳ ಬಾಯಿ ಮುಚ್ಚಿತು, ಅಷ್ಟೆ.

ಈಗ ದೂರದ ಸಂಗತಿ. ಅಮೆರಿಕದಲ್ಲಿರುವ ನಮ್ಮ ಭಕ್ತರೊಬ್ಬರು ಇದನ್ನು ನಮಗೆ ತಿಳಿಸಿದರು. ಆ ದೇಶದ ವಾಷಿಂಗ್ಟನ್ ರಾಜ್ಯದಲ್ಲಿ, ಸಿಯಾಟಲ್ ನಗರದ ಸಮೀಪ, ಎಡ್ಮಂಡ್ಸ್ ಎಂಬ ಊರು. ಅಲ್ಲಿಯ ಚಿತ್ರಕಾರರು ಮೈಕೆಲ್ ರೇಗನ್. ಅಧ್ಯಕ್ಷರಾಗಿದ್ದ ರೇಗನ್ನರಲ್ಲ, ಇವರು ಬೇರೆ. ತರುಣರಾಗಿದ್ದಾಗ ವಿಯೆಟ್ನಾಂ ಯುದ್ಧದಲ್ಲಿ ಸೈನಿಕರಾಗಿದ್ದರು. ಅಲ್ಲಿ ಗೆಳೆಯನೊಬ್ಬ ಇವರ ತೋಳಿನಲ್ಲೇ ಪ್ರಾಣ ಬಿಟ್ಟ. ಊರಿಗೆ ಮರಳಿದ ಮೇಲೆ ಹೆಸರಾಂತ ವ್ಯಕ್ತಿಗಳ ಚಿತ್ರ ಬರೆದು, ಅದರಿಂದ ಬಂದ ಹಣವನ್ನು ಧರ್ಮಕಾರ್ಯಗಳಿಗೆ ಕೊಡಿಸುತ್ತಿದ್ದರು.

೨೦೦೩ರಲ್ಲಿ ಇರಾಕಿನ ಯುದ್ಧ ಆರಂಭವಾಯಿತು. ಆ ಯುದ್ಧ ನ್ಯಾಯವಾಗಿತ್ತೇ ಎಂದರೆ ನಮಗೆ ಅನುಮಾನವಿದೆ, ಆ ದೇಶದಲ್ಲೇ ಅನೇಕರಿಗೆ ಇತ್ತು. ಗಾಯಾಳುಗಳ ಶುಶ್ರೂಷೆಗೆಂದು ಹೋಗಿದ್ದ ತರುಣನೊಬ್ಬ ಆರಂಭದಲ್ಲಿಯೇ ಮಡಿದ. ಮರುವರುಷ ಅವನ ಹೆಂಡತಿ, ಗಂಡನ ಚಿತ್ರ ಬರೆದುಕೊಡಲು ಎಷ್ಟು ತೆಗೆದುಕೊಳ್ಳುತ್ತೀರಿ ಎಂದು ರೇಗನ್ನರನ್ನು ಕೇಳಿದಳು. ಅವರು ಹಣ ಬೇಡವೆಂದರು, ಬರೆದು ಕಳಿಸಿದರು. ಚಿತ್ರ ತಲುಪಿದ ಮೇಲೆ ಆಕೆ ಫೋನು ಮಾಡಿ, ಒಂದು ವರುಷದ ಮೇಲೆ ಮೊದಲ ಸಲ ರಾತ್ರಿ ಪೂರ್ತಿ ನಿದ್ದೆ ಬಂತು ಎಂದು ಹೇಳಿದಳು. ರೇಗನ್ ತಮ್ಮ ಮನೆಯಾಕೆಗೆ, ಇನ್ನು ಎಲ್ಲರದನ್ನೂ ಬರೆಯಬೇಕು ಎಂದರು. ಎಲ್ಲರದನ್ನೂ! ಯಾರಿಂದಲೂ ಕಾಸು ಮುಟ್ಟದೆ, ಒಂದೊಂದು ಮುಖಕ್ಕೆ ಹಲವು ತಾಸು ಕುಳಿತು, ಸಾವಿರಾರು ಚಿತ್ರಗಳನ್ನು ಬರೆದು ಮನೆಮನೆಗೆ ಕಳಿಸಿದರು. ಅದೇ ದೇಶದ ಯೂಟಾ ರಾಜ್ಯದಲ್ಲಿ ಆಡು ಸಾಕಿಕೊಂಡಿದ್ದ ಕಜಾಯಾ ಹ್ಯಾನ್‌ಕಾಕ್ ಎಂಬ ಹೆಣ್ಣುಮಗಳೂ ಇದೇ ಸೇವೆಯನ್ನು ಎಣ್ಣೆವರ್ಣದಲ್ಲಿ ಮಾಡಿದಳು. ಲಿಂಗ ಕಟ್ಟದವರು, ದಾಸೋಹವೆಂಬ ಶಬ್ದ ಕೇಳದವರು!

ಫೋಟೋ ಇರುವಾಗ ಚಿತ್ರವೇಕೆ ಎಂದು ನೀವು ಕೇಳಬಹುದು. ಫೋಟೋ ಒಂದು ಕ್ಷಣದ್ದು. ಯಂತ್ರ ನೋಡಿತು, ಮುಗಿಯಿತು. ಚಿತ್ರ ಹಾಗಲ್ಲ. ಗುರುತು ಪರಿಚಯವಿಲ್ಲದ ಒಬ್ಬ ಮನುಷ್ಯ ತನ್ನ ಕೆಲಸ ಬಿಟ್ಟು, ನನ್ನ ಮಗನ ಕಣ್ಣು ಹುಬ್ಬುಗಳನ್ನು ಅರ್ಧ ದಿನ ನೋಡುತ್ತ ಕುಳಿತಿದ್ದ ಎಂಬುದು ಆ ತಾಯಿಗೆ ತಿಳಿಯುತ್ತದೆ. ಸಾವಿರಾರು ಜನ ಜಯಕಾರ ಹಾಕಿ ಹೋಗಿರುತ್ತಾರೆ. ಕುಳಿತು ನೋಡಿದವನು ಇವನೊಬ್ಬನೇ.

ನಮ್ಮ ನಾಡಿನಲ್ಲಿಯೂ ಮಡಿದವರನ್ನು ಮರೆತಿರಲಿಲ್ಲ. ವೀರಗಲ್ಲುಗಳನ್ನು ನೀವು ಕಂಡಿದ್ದೀರಿ. ಕೆಲವು ಊರುಗಳಲ್ಲಿ ಅವುಗಳ ಮೇಲೆ ಬಟ್ಟೆ ಒಗೆಯುತ್ತಾರೆ, ಅದು ಬೇರೆ ಮಾತು. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕುಳಿತ ವೀರ, ತುದಿಯಲ್ಲಿ ಸೂರ್ಯಚಂದ್ರರು. ತುರು ಕಾಯ್ದು ಸತ್ತವನಿಗೂ ಕಲ್ಲು ಉಂಟು. ಕ್ರಿ. ಶ. ೯೪೯ರ ಆತಕೂರು ಶಾಸನವಂತೂ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯನ್ನೂ ನೆನೆಯುತ್ತದೆ. ಸತ್ತವನ ಮನೆಯವರಿಗೆ ನೆತ್ತರುಗೊಡಗೆ ಎಂದು ಭೂಮಿ ಬಿಡುತ್ತಿದ್ದರು. ಅಂದರೆ ಕಲ್ಲು ನಿಲ್ಲಿಸಿ ಕೈತೊಳೆದುಕೊಳ್ಳುತ್ತಿರಲಿಲ್ಲ. ಆದರೆ ಒಂದನ್ನು ಗಮನಿಸಿ. ಆ ಕಲ್ಲುಗಳಲ್ಲಿ ವೀರರ ಮುಖಗಳು ಬಹುಮಟ್ಟಿಗೆ ಒಂದೇ ಅಚ್ಚು. ಶಿಲ್ಪಿ ಕಡೆದದ್ದು ಶೌರ್ಯವನ್ನು. ಊರಿಗೆ ಅದು ಸಾಕು, ತಾಯಿಗೆ ಸಾಲದು.

ಈ ಸಂಗತಿಯನ್ನು ನಾವು ನಮ್ಮ ಶಾಲೆಯ ಡ್ರಾಯಿಂಗ್ ಮಾಸ್ತರರಿಗೆ ಹೇಳಿದೆವು. ಅವರು ಏನೂ ಮಾತನಾಡದೆ ಮರುದಿನ ಆ ತಾಯಿಯ ಮನೆಗೆ ಹೋದರು. ಅಲ್ಲಿದ್ದುದು ಸೈನ್ಯದ ಟೊಪ್ಪಿಗೆ ಹಾಕಿಕೊಂಡ ಸಣ್ಣ ಫೋಟೋ. ಹಣೆ ಕಾಣದು. "ಕೂದಲು ಹೆಂಗ ಬಾಚತಿದ್ದ?" ಎಂದು ಕೇಳಿದರಂತೆ. ಅವಳು ಹೇಳತೊಡಗಿದಳು. ಚಿಕ್ಕಂದಿನಲ್ಲಿ ಬಂಡಿಯಿಂದ ಬಿದ್ದು ಎಡಹುಬ್ಬಿನ ಮೇಲೆ ಆದ ಗಾಯದ ಗುರುತು, ನಗುವಾಗ ಒಂದು ಕಣ್ಣು ಸಣ್ಣದಾಗುತ್ತಿದ್ದುದು, ಎಲ್ಲವನ್ನೂ ಹೇಳಿದಳು. ಮಧ್ಯಾಹ್ನ ಹೋದ ಮಾಸ್ತರರು ದೀಪ ಹಚ್ಚುವ ಹೊತ್ತಿಗೆ ಬಂದರು. ಚಿತ್ರದಲ್ಲಿ ಆ ಗಾಯದ ಗುರುತು ಬಂತು. ಅದರ ಮೇಲೆ ಬೆರಳಿಟ್ಟು ಅವಳು ಬಹಳ ಹೊತ್ತು ಅತ್ತಳಂತೆ. ಯಾರೂ ಅಳಬೇಡ ಎನ್ನಲಿಲ್ಲ.

ಲಿಂಗವಂತರ ಮನೆಯಲ್ಲಿ ಚಿತ್ರಕ್ಕೆ ಹೂವೇಕೆ ಎಂದು ಅವರ ಬಂಧುಗಳೊಬ್ಬರು ನಮ್ಮನ್ನು ಕೇಳಿದರು. ಇಷ್ಟಲಿಂಗದ ಪೂಜೆ ಬೇರೆ, ಇದು ಬೇರೆ. ಆ ತಾಯಿ ಚಿತ್ರದ ಮುಂದೆ ನಿಂತು ವರ ಬೇಡುವುದಿಲ್ಲ, "ಉಂಡ್ಯೇನೋ ಮಗನ" ಎಂದು ಕೇಳುತ್ತಾಳೆ. ಅದಕ್ಕೆ ಅಡ್ಡಬರುವ ಶಾಸ್ತ್ರ ನಮಗೆ ಬೇಡ.

ಅವಳು ಇಂದು ಇಲ್ಲಿಗೆ ಬಂದಿದ್ದಾಳೆ. ಮಾಸ್ತರರೂ ಹಿಂದೆ ಕಂಬದ ಹತ್ತಿರ ಕುಳಿತಿದ್ದಾರೆ, ಎದ್ದು ನಿಲ್ಲಿ ಎಂದರೆ ನಿಲ್ಲುವವರಲ್ಲ. ಸುತ್ತಿನ ಹಳ್ಳಿಗಳಲ್ಲಿ ಇಂಥ ಮನೆಗಳು ಇನ್ನೂ ಇವೆ. ನಿಮಗೆ ಗೊತ್ತಿದ್ದರೆ ಮಠಕ್ಕೆ ತಿಳಿಸಿ. ಹಳೆಯ ಫೋಟೋ ಎಷ್ಟೇ ಮಾಸಿದ್ದರೂ ತನ್ನಿ. ಕಾಗದ, ಪೆನ್ಸಿಲು, ಚೌಕಟ್ಟಿನ ವೆಚ್ಚ ಮಠದ್ದು. ಮಾಸ್ತರರಿಗೆ ಮಾತ್ರ ಏನೂ ಕೊಡಲು ಹೋಗಬೇಡಿ, ಬೈಯುತ್ತಾರೆ. ಅವರು ಬಂದಾಗ ಒಂದು ಚಾಪೆ ಹಾಸಿ, ಒಂದು ಲೋಟ ನೀರು ಇಟ್ಟು, ಹುಡುಗನ ವಿಷಯ ನೆನಪಿದ್ದಷ್ಟೂ ಹೇಳಿರಿ.